ಬಾಯಲ್ಲಿ ಮಕ್ಕಳನ್ನಿಟ್ಟುಕೊಂಡ ಅಪ್ಪನ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಿಗೆ ಯಂತ್ರದ ಪಕ್ಕದ ಗಾಜಿನ ತೊಟ್ಟಿಯ ಮುಂದೆ ಟೈಲರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮೀನು ನೋಡಲು ಬಂದ ನಾನು ಕೆಮ್ಮಿದ್ದೇ ತಡ, ತಿರುಗಿ ಕಣ್ಣು ಬಿಡುತ್ತಾರೆ. "ಶ್! ಹೆದರಿದ್ರೆ ಅಷ್ಟನ್ನೂ ಉಗುಳಿಬಿಡ್ತಾನೆ." ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆದರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ.

ಅವರು ಹೇಳುತ್ತಿರುವುದು ತೊಟ್ಟಿಯೊಳಗಿನ ಗಂಡು ಕಾರ್ಡಿನಲ್ ಮೀನಿನ ಮಾತು. ಹೆಬ್ಬೆರಳುದ್ದ, ಬೆಳ್ಳಿ ಮೈ, ಕಪ್ಪು ಪಟ್ಟೆ. ಯಾರ ತಂಟೆಗೂ ಹೋಗದ ಸಾಧು ಪ್ರಾಣಿ. ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಈಜಿಕೊಂಡಿರುತ್ತದೆ. ಅವನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುವವನು ಇವನು. ಅಲ್ಲಿಯವರೆಗೆ ವಾರಗಟ್ಟಲೆ ತುತ್ತು ಮುಟ್ಟುವುದಿಲ್ಲ.

"ನನ್ನ ಮಗ ಊಟ ಒಂಚೂರು ತಡವಾದ್ರೆ ಮನೆ ತಲೆ ಮೇಲೆ ಹೊತ್ಕೋತಾನೆ. ಈ ಪುಣ್ಯಾತ್ಮನ್ನ ನೋಡಿ!" ಬಾಗಿಲಲ್ಲಿ ನಿಂತ ಟೈಲರಮ್ಮನ ಅತ್ತೆ ಪಿಸುಗುಡುತ್ತಾರೆ. "ಕೇಳಿಸ್ತಿದೆ ಅಮ್ಮಾ," ಎಂದು ಅಡುಗೆಮನೆಯಿಂದ ಮಗ, ಅಂದರೆ ಟೈಲರಮ್ಮನ ಯಜಮಾನರು, ಅಷ್ಟೇ ಮೆಲ್ಲಗೆ ಅನ್ನುತ್ತಾರೆ.

ಮನೆ ಖಾಲಿ ಮಾಡಿದ ಗಿರಾಕಿಯೊಬ್ಬರು ಬಿಟ್ಟುಹೋದ ತೊಟ್ಟಿಯಿದು. ಮೊದಲು ತಂದ ಮೀನುಗಳು ಒಂದೊಂದಾಗಿ ಸತ್ತವು. "ಸಮುದ್ರದಲ್ಲಿ ಹಾಯಾಗಿದ್ದವನ್ನ ಹಿಡ್ಕೊಂಡು ಬಂದು ಸಾಯ್ಸಿದ ಹಾಗಾಯ್ತು. ಹೊಟ್ಟೆ ಉರೀತು. ಸಾಕಿದ್ರೆ ಇಲ್ಲೇ ಹುಟ್ಟಿದ ಮರಿ ಸಾಕ್ಬೇಕು ಅಂತ ಹಟ ಹಿಡಿದೆ," ಅನ್ನುತ್ತಾರೆ ಟೈಲರಮ್ಮ. ಮರಿ ಮಾಡಿಸಲೆಂದೇ ಈ ಜೋಡಿಯನ್ನು ತಂದರು. ಅಂದಿನಿಂದ ದಿನಾ ಬೆಳಗ್ಗೆ ನೀರಿನ ಉಪ್ಪಿನ ಹದ ನೋಡುತ್ತಾರೆ, ಮೀನುಮರಿಗಳ ಮೇವಿಗೆಂದು ಬಾಟಲಿಯಲ್ಲಿ ಧೂಳಿನಂಥ ಸೀಗಡಿ ಮರಿ ಬೆಳೆಸುತ್ತಾರೆ. ಆಮೇಲೆ ಪ್ಯಾಂಟು, ಫ್ರಾಕುಗಳ ಹೊಲಿಗೆ.

ಮೊದಲ ಸಲ ಇವನು ತಿನ್ನುವುದನ್ನು ಬಿಟ್ಟಾಗ ಕಾಯಿಲೆಯೆಂದೇ ಅವರು ತಿಳಿದರು. ಔಷಧಿ ಬೆರೆಸಿದ ನೀರಿಗೆ ಬಿಡೋಣವೆಂದು ಬಲೆಯಲ್ಲಿ ಎತ್ತಿದರು. ಗಾಬರಿಯಲ್ಲಿ ಅವನು ಬಾಯಿ ಬಿಟ್ಟ, ಮೊಟ್ಟೆಗಳೆಲ್ಲ ಉದುರಿಹೋದವು. "ಉಪಕಾರ ಮಾಡೋಕೆ ಹೋಗಿ ನಾನೇ ಕೊಂದೆ. ಸೂಜಿಗೆ ದಾರ ಪೋಣಿಸೋಕಾಗದಷ್ಟು ಅತ್ತಿದ್ದೆ." ಎರಡನೇ ಸಲ ತುರ್ತು ಬಟ್ಟೆಯೊಂದನ್ನು ಹೊಲಿಯಲು ಕೂತರು. ಯಂತ್ರದ ಕಡಕಡ ಸದ್ದಿಗೆ ಬೆದರಿ ಮೊಟ್ಟೆಗಳನ್ನು ನುಂಗಿಯೇಬಿಟ್ಟ.

ಯಂತ್ರ ಇಡಲು ಮನೆಯಲ್ಲಿ ಬೇರೆ ಜಾಗವಿಲ್ಲ. ಹಾಗಾಗಿ ಈ ಸಲ ಮೊಟ್ಟೆ ಬಾಯಿಗೆ ಹೋದ ದಿನವೇ ಯಂತ್ರಕ್ಕೆ ಬೆಡ್‌ಶೀಟ್ ಹೊದಿಸಿದ್ದಾರೆ. ಅಂದಿನಿಂದ ಅಷ್ಟೂ ಬಟ್ಟೆ ಕೈಹೊಲಿಗೆ! ಗಿರಾಕಿಗಳ ಗೊಣಗಾಟ ಕೇಳಬೇಕು. "ಬೈದ್ರೆ ಬೈಲಿ, ಇದೂ ಹೋದ್ರೆ ನಾನು ತಡ್ಕೊಳಲ್ಲ," ಅನ್ನುತ್ತಾರೆ. ಅವರ ಬೆರಳುಗಳ ತುದಿಯ ತುಂಬ ಸೂಜಿ ಚುಚ್ಚಿದ ಗಾಯ. ದೊಡ್ಡ ಮೀನುಗಳು ಮರಿಗಳನ್ನು ತಿಂದುಬಿಡುತ್ತವೆ. ಅದಕ್ಕೇ ಮರಿಗಳು ಅಡಗಿಕೊಳ್ಳಲೆಂದು ಕಪ್ಪು ಪ್ಲಾಸ್ಟಿಕ್ ಕಡ್ಡಿಗಳ ಮುಳ್ಳುಪೊದೆಯೊಂದನ್ನೂ ಕಟ್ಟಿಟ್ಟಿದ್ದಾರೆ.

ಇದ್ದಕ್ಕಿದ್ದಂತೆ ಮೀನು ಮೂಲೆಗೆ ಸರಿಯುತ್ತದೆ. ಬಾಯಿ ತೆರೆಯುತ್ತದೆ. ಥೇಟ್ ಅಪ್ಪನದೇ ಪಟ್ಟೆ ಹೊತ್ತ ಕಾಳಿನಷ್ಟು ಮರಿ ಹೊರಬರುತ್ತದೆ. ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಒಟ್ಟಿಗೆ ನಾಲ್ಕೈದು. ಬುಳುಬುಳು ಕಡ್ಡಿಗಳ ನಡುವೆ ನುಗ್ಗುತ್ತವೆ. ಅಯ್ಯಬ್ಬಾ, ಎಣಿಸುತ್ತಾ ಎಣಿಸುತ್ತಾ ಲೆಕ್ಕ ತಪ್ಪುತ್ತೇನೆ! ಟೈಲರಮ್ಮನ ಕೆನ್ನೆ ಒದ್ದೆಯಾಗಿದೆ. ಅತ್ತೆ ಬಂದು ಸೊಸೆಯ ಬೆನ್ನು ಸವರುತ್ತಾರೆ.

"ಎಷ್ಟು ಚೆನ್ನಾಗಿ ಸಾಕಿದ್ದೀರಮ್ಮಾ," ಅನ್ನುತ್ತೇನೆ.

"ಸಾಕಿದ್ದು ಅವನು. ನಾನು ಕೈಕಟ್ಟಿ ಕೂತಿದ್ದೆ, ಅಷ್ಟೇ," ಎಂದು ಕಣ್ಣೊರೆಸಿಕೊಂಡು ನಗುತ್ತಾರೆ. "ಅದೊಂದೇ ನಂಗೆ ಬರ್ತಿರ್ಲಿಲ್ಲ. ಈಗ ಬಂತು."