ತಾನಾಗಿ ಎಣ್ಣೆ ಹನಿಸುವ ಯಂತ್ರ ಮತ್ತು ಓತಾಕರ್

ನೆಬ್ರಾಸ್ಕಾದ ಆ ಸುತ್ತಿನಲ್ಲಿ ಓತಾಕರ್ ವರ್ಬಾನ ಡ್ರಮ್ಮಿಗೆ ಕುಣಿಯದೆ ಮದುವೆಯಾದ ಚೆಕ್ ನಾಡಿನಿಂದ ವಲಸೆ ಬಂದ ಮನೆತನದವರು ಕಡಿಮೆ. ಆದರೆ ಆ ಮದುವೆಗಳೆಲ್ಲ ಮೆಕ್ಕೆಜೋಳ ಕೊಯ್ಲಾದ ಮೇಲಿನವು. ಬೇಸಿಗೆ ಬಂತೆಂದರೆ ಅವನು ತನ್ನ ಬಾವಿ ಬಿಟ್ಟು ಕದಲುವವನಲ್ಲ.

ಅದಕ್ಕೆ ಕಾರಣ ಜೋಳದ ಹೊಲಕ್ಕೆ ನೀರುಣಿಸುವ ಅವನ ಪಂಪು. ಮೋಟಾರು ನೆಲದ ಮೇಲೆ, ನೀರೆತ್ತುವ ಚಕ್ರಗಳು ಬಾವಿಯ ಆಳದಲ್ಲಿ, ಎರಡರ ನಡುವೆ ಉದ್ದನೆಯ ಉಕ್ಕಿನ ದಂಡ. ದಂಡ ತಿರುಗುವಾಗ ಅದರ ಬೇರಿಂಗುಗಳಿಗೆ ಮೇಲಿನ ಡಬ್ಬಿಯಿಂದ ಎಣ್ಣೆ ಹನಿಯುತ್ತಿರಬೇಕು. ಹನಿಯದಿದ್ದರೆ ಬೇರಿಂಗು ಸುಟ್ಟುಹೋಗುತ್ತದೆ. ಪಂಪು ನಿಂತ ಮೇಲೂ ಹನಿದರೆ ಎಣ್ಣೆ ಸುಮ್ಮನೆ ಬಾವಿಯ ಪಾಲು. ಸಂಜೆ ಎಲ್ಲರೂ ಕರೆಂಟು ಬಳಸುವ ಹೊತ್ತಿಗೆ ಕಂಪನಿಯವರು ದೂರದಿಂದಲೇ ಪಂಪು ನಿಲ್ಲಿಸುತ್ತಿದ್ದರು. ಆಗ ಓಡಿಹೋಗಿ ಎಣ್ಣೆ ಡಬ್ಬಿಯ ನಲ್ಲಿ ಮುಚ್ಚಬೇಕು. ಅವರು ಕರೆಂಟು ಬಿಟ್ಟ ಮೇಲೆ ಮತ್ತೆ ನಲ್ಲಿ ತೆರೆದು ಚಾಲೂ ಮಾಡಬೇಕು. ಅಪ್ಪನಿಂದ ಕಲಿತ ಈ ಕೆಲಸದಲ್ಲಿ ಓತಾಕರನ ಕೂದಲು ಬೆಳ್ಳಗಾಗಿತ್ತು.

ಆ ವರ್ಷ ಅವರ ಪೋಲ್ಕಾ ಕುಣಿತದ ವಾದ್ಯತಂಡಕ್ಕೆ ದೂರದ ಮಿನ್ನೆಸೋಟಾದಿಂದ ಕರೆ ಬಂತು. ಜುಲೈನಲ್ಲಿ, ಸರೋವರದ ದಡದಲ್ಲಿ ಕುಣಿತ. ಅಕಾರ್ಡಿಯನ್ ನುಡಿಸುವ ಅವನ ಹೆಂಡತಿ ಬ್ಲಾಂಕಾ ಆಗಲೇ ಒಪ್ಪಿಕೊಂಡುಬಿಟ್ಟಿದ್ದಳು.

"ಎಣ್ಣೆ ಯಾರು ನೋಡ್ಕೋತಾರೆ?" ಅಂದ ಓತಾಕರ್.

"ಇದು ನೋಡ್ಕೊಳ್ಳತ್ತೆ," ಎಂದು ಅವಳು ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟಳು. ಒಳಗೆ ತಾನಾಗಿ ಎಣ್ಣೆ ಹನಿಸುವ ಯಂತ್ರ. "ಇದು ಕೆಲಸ ಮಾಡಿದ್ರೆ ಇಬ್ಬರೂ ಹೋಗೋಣ. ಮಾಡದಿದ್ರೆ ನಾನು ಹೋಗ್ತೀನಿ, ನೀನು ಆ ಪಂಪನ್ನೇ ತಬ್ಕೊಂಡು ಮಲಗು."

ಯಂತ್ರ ಕೂರಿಸುವ ದಿನ ಪಕ್ಕದ ಹೊಲದ ವೆಂಡೆಲ್ ಗಸಗಸೆ ಹೂರಣದ ಕೊಲಾಚೆ ಬನ್ನು ತಿನ್ನುತ್ತ ನೋಡಲು ನಿಂತ. ಓತಾಕರ್ ಮೊದಲು ಮೇನ್ ಸ್ವಿಚ್ಚು ಇಳಿಸಿ ಬೀಗ ಹಾಕಿದ. ತಂತಿಯಲ್ಲಿ ಕರೆಂಟಿಲ್ಲವೆಂದು ಮೀಟರು ಹಿಡಿದು ನೋಡಿದ. ಕರೆಂಟಿನಿಂದ ತೆರೆದುಕೊಳ್ಳುವ ಯಂತ್ರದ ಕವಾಟಕ್ಕೆ ಎರಡು ತಂತಿ. ಅವನ್ನು ಸದಾ ಕರೆಂಟಿರುವ ಕಡೆ ಕೊಟ್ಟರೆ ಹನಿ ನಿಲ್ಲುವುದೇ ಇಲ್ಲ. ಆದ್ದರಿಂದ ಪಂಪು ಚಾಲೂ ಇದ್ದಾಗ ಮಾತ್ರ ಕರೆಂಟಿರುವ, ಮೋಟಾರಿನ ಸ್ಟಾರ್ಟರಿಗೆ ಹೋಗುವ ತಂತಿಗೆ ಜೋಡಿಸಿದ. ನಡುವೆ ಒಂದು ಟೈಮರು ಇಟ್ಟು, ಕಂಪನಿಯವರು ಕರೆಂಟು ಬಿಟ್ಟೊಡನೆ ಮೊದಲು ಎಣ್ಣೆ ಇಳಿದು ಸ್ವಲ್ಪ ತಡೆದು ಮೋಟಾರು ತಾನಾಗಿ ತಿರುಗುವಂತೆ ಮಾಡಿದ. ಯಂತ್ರ ಕೆಟ್ಟರೆ ಇರಲಿ ಎಂದು ಹಳೆಯ ನಲ್ಲಿಯನ್ನು ಮುಚ್ಚಿ, ಹಾಗೇ ಉಳಿಸಿದ.

ಬೀಗ ತೆಗೆದು ಚಾಲೂ ಮಾಡಿದಾಗ, ಹನಿ ಕಾಣಲೆಂದು ಯಂತ್ರಕ್ಕಿದ್ದ ಗಾಜಿನೊಳಗೆ ಹನಿ ಬಿತ್ತು, ಆಮೇಲೆ ಮೋಟಾರು ಗುಂಯ್ ಎಂದಿತು. ನಿಲ್ಲಿಸಿದರೆ ಹನಿಯೂ ನಿಂತಿತು.

"ಲೇ ಓತಾ, ಇನ್ನು ನಿನ್ನ ಅವಶ್ಯಕತೆ ಯಾರಿಗೂ ಇಲ್ಲ ಕಣೋ," ಎಂದ ವೆಂಡೆಲ್, ತುಟಿಗೆ ಅಂಟಿದ ಗಸಗಸೆ ಒರೆಸಿಕೊಳ್ಳುತ್ತ.

ಸಂಜೆ ಪಂಪು ನಿಂತಾಗ ಓತಾಕರ್ ಜಂಬದಿಂದ ಕುರ್ಚಿಯಲ್ಲೇ ಕೂತಿದ್ದ. ಮರುದಿನ ಬೆಳಿಗ್ಗೆ ಹೋಗಿ ಡಬ್ಬಿಗೆ ಎಣ್ಣೆ ತುಂಬಿ ಬಂದ. ಅದರ ಮರುದಿನ ನೋಡಿದರೆ ಡಬ್ಬಿ ಬರಿದು! ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ. ಗಾಜಿನಲ್ಲಿ ಹನಿ ಬೀಳುವಾಗ ಬೀಳುತ್ತಿತ್ತು, ನಿಲ್ಲುವಾಗ ನಿಲ್ಲುತ್ತಿತ್ತು. ಆದರೂ ಡಬ್ಬಿ ಮತ್ತೆ ಬರಿದಾಯಿತು. ಒಂದು ರಾತ್ರಿ ಎಣ್ಣೆಯಿಲ್ಲದೆ ಪಂಪು ತಿರುಗಿದ್ದರೆ ಏನು ಗತಿ ಎಂದು ಹೆದರಿದ.

"ಯಂತ್ರ ಸರಿಯಿಲ್ಲ ಬ್ಲಾಂಕಾ. ಡ್ರಮ್ಮಿಗೆ ಬೇರೆ ಯಾರನ್ನಾದ್ರೂ ಕರಿ," ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬ್ಲಾಂಕಾ ಅವನ ಜೊತೆ ಪಿಕಪ್ ಗಾಡಿ ಹತ್ತಿ ಬಾವಿಗೆ ಬಂದು, ಕೈಕಟ್ಟಿ ನಿಂತಳು. ಓತಾಕರ್ ಎಂದಿನಂತೆ, ನೋಡದೆಯೇ ಹಳೆಯ ನಲ್ಲಿ ಮುಚ್ಚಿ ಎಣ್ಣೆ ಸುರಿದ. ಡಬ್ಬಿಯ ಮುಚ್ಚಳ ಹಾಕಿದ. ಮುಚ್ಚಳ ಹಾಕಿದ ಕೈ ಹಾಗೇ ಕೆಳಗಿಳಿದು ಹಳೆಯ ನಲ್ಲಿಯನ್ನು ತೆರೆಯಿತು. ಅವನು ಮಾತ್ರ ಆಕಾಶದ ಮೋಡ ನೋಡುತ್ತಿದ್ದ.

"ಓತಾ! ಈಗೇನು ಮಾಡ್ದೆ?"

"ಎಣ್ಣೆ ಹಾಕ್ದೆ."

"ಅದಾದ್ಮೇಲೆ?"

"ಏನೂ ಇಲ್ಲ."

"ನಿನ್ನ ಕೈ ಎಲ್ಲಿದೆ ನೋಡ್ಕೋ!"

ಓತಾಕರ್ ನೋಡಿಕೊಂಡ. ಕೈ ಇನ್ನೂ ನಲ್ಲಿಯ ಮೇಲಿತ್ತು. ಹಳೆಯ ನಲ್ಲಿಯ ಎಣ್ಣೆ ಗಾಜಿಗೆ ಬರದೆ ನೇರವಾಗಿ ಬೇರಿಂಗುಗಳ ಮೂಲಕ ಬಾವಿಗೆ ಇಳಿಯುತ್ತದೆ. ದಿನಾ ಬೆಳಿಗ್ಗೆ ತಾನೇ ತೆರೆದು, ಸಂಜೆ ಯಂತ್ರವಿದೆಯಲ್ಲ ಎಂದು ಮುಚ್ಚಲು ಬಾರದೆ, ರಾತ್ರಿಯೆಲ್ಲ ಬಾವಿಗೆ ಎಣ್ಣೆ ಕುಡಿಸಿದ್ದ!

"ಅಪ್ಪ ಕಲಿಸಿದ್ದು ಕಣೇ," ಎಂದ ಮೆಲ್ಲಗೆ.

"ಮಾವನವರು ಕಲಿಸಿದ್ದನ್ನ ಮರೆಸೋಕೆ ಸ್ಪ್ಯಾನರು ಸಾಕು," ಎಂದು ಬ್ಲಾಂಕಾ ನಲ್ಲಿ ಮುಚ್ಚಿ, ಅದರ ಹಿಡಿಯನ್ನೇ ಬಿಚ್ಚಿಕೊಂಡಳು. ನಗು ತಡೆಯಲಾರದೆ ಪಿಕಪ್ಪಿಗೆ ಒರಗಿ ನಿಂತಳು. ಓತಾಕರನಿಗೂ ನಗು ಬಂತು.

ಅಂದಿನಿಂದ ಎಣ್ಣೆ ಡಬ್ಬಿಯಲ್ಲಿ ಉಳಿಯಿತು. ಹಿಡಿ ವೆಂಡೆಲ್‌ನ ವಶಕ್ಕೆ ಹೋಯಿತು, ಯಂತ್ರ ಕೆಟ್ಟರೆ ಮಾತ್ರ ಮುಟ್ಟಬೇಕೆಂಬ ತಾಕೀತಿನ ಜೊತೆ.

ಜುಲೈ ತಿಂಗಳ ಒಂದು ಸಂಜೆ ಸರೋವರದ ದಡದ ಹಲಗೆ ವೇದಿಕೆಯ ಮೇಲೆ ಓತಾಕರ್ ಡ್ರಮ್ಮಿನ ಹಿಂದೆ ಕೂತ. ಊರಲ್ಲಿ ಆ ಹೊತ್ತಿಗೆ ಪಂಪು ನಿಂತಿರಬೇಕು. ಅವನು ಗಡಿಯಾರದ ಕಡೆ ಕಣ್ಣು ಹಾಯಿಸಿದ್ದನ್ನು ಬ್ಲಾಂಕಾ ಕಂಡಳು.

"ಎಲ್ಲಿದ್ದೀಯ?" ಎಂದಳು.

"ಇಲ್ಲೇ," ಎಂದು ಓತಾಕರ್ ಕೋಲೆತ್ತಿ ತಾಳ ಹಿಡಿದ. ಮಿನ್ನೆಸೋಟಾದವರು ಕುಣಿಯಲು ಎದ್ದರು.