ಬೆಟಗೇರಿಯ ಬಾವಿಯಿಂದ ಹಮ್ಮಿಗಿಯ ಹಿನ್ನೀರಿಗೆ

ಬೆಳಿಗ್ಗೆ ಏಳಕ್ಕೆ ಬೆಟಗೇರಿಯ ಮನೆಗೆ ಬೀಗ ಹಾಕಿ ಹೊರಟೆ. ಕೈಯಲ್ಲಿ ಮುಚ್ಚಳದ ಬಕೆಟ್, ಅದರೊಳಗೆ ನಮ್ಮ ಹಿತ್ತಲ ಬಾವಿಯ ಕೊರವ ಮೀನು. ಸೊಳ್ಳೆಮರಿ ತಿನ್ನಲೆಂದು ಅದನ್ನು ಬೆರಳುದ್ದವಿದ್ದಾಗ ಬಾವಿಗೆ ಬಿಟ್ಟವಳು ನನ್ನ ಹೆಂಡತಿ. ಅವಳು ತೀರಿಕೊಂಡು ನಾಲ್ಕು ವರ್ಷ. ಮಗ್ಗ ನಿಲ್ಲಿಸಿ ಬಾವಿಗೆ ಬಗ್ಗಿದರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ದಿನದ ಸುದ್ದಿಯನ್ನೆಲ್ಲ ಅದಕ್ಕೇ ಹೇಳುತ್ತಿದ್ದೆ. ಕೇಳಲು ಬೇರೆ ಯಾರಿದ್ದರು? ಈ ಮಳೆಗೆ ಬಾವಿಯ ಗೋಡೆ ಕುಸಿದು, ಮುಚ್ಚಿಸದೆ ಗತಿಯಿರಲಿಲ್ಲ. ಇದಾದರೂ ಬದುಕಲಿ ಎಂದು ತುಂಗಭದ್ರೆಯ ದಾರಿ ಹಿಡಿದೆ.

ಮುಂಡರಗಿ ಬಸ್ಸಿನ ಕಂಡಕ್ಟರ್ ಬಕೆಟ್ ಬಡಿದು ನೋಡಿದ. "ತುಪ್ಪ ಏನ್ರಿ, ಯಜಮಾನ್ರ?"

"ಮೀನು" ಎಂದೆ.

"ಹಂಗಾರ ಹಿಂದ ಕುಂಡ್ರಿ."

ನನ್ನ ಪಕ್ಕ ಯಾರೂ ಕೂರಲಿಲ್ಲ. ನೀರು ಸಾಲದಾದೀತೆಂದು ಕಂಠಮಟ್ಟ ತುಂಬಿ, ತುಳುಕದಂತೆ ಮುಚ್ಚಳ ಬಿಗಿದಿದ್ದೆ. ಡಂಬಳದವರೆಗೆ ಬಾಲ ಬಡಿಯುವ ಸದ್ದಿತ್ತು. ಆಮೇಲೆ ನಿಂತಿತು. ನಿದ್ದೆ ಹೋಗಿರಬೇಕು ಎಂದುಕೊಂಡ ದಡ್ಡ ನಾನು.

ಮುಂಡರಗಿ ನಿಲ್ದಾಣದಲ್ಲಿ ಮುಚ್ಚಳ ತೆಗೆದರೆ ಮೀನು ಮಗ್ಗುಲಾಗಿತ್ತು. ಬಲೆಯ ಗಂಟು ಹೊತ್ತು ಹಮ್ಮಿಗಿ ಬಸ್ಸಿಗೆ ಕಾಯುತ್ತಿದ್ದ ಖಾದರಸಾಬ ಎಂಬ ಹಿರಿಯ ಮೀನುಗಾರರು ಬಗ್ಗಿ ನೋಡಿ, ನನ್ನನ್ನು ಕೇಳದೆಯೇ ಮುಕ್ಕಾಲು ನೀರು ಚೆಲ್ಲಿಬಿಟ್ಟರು.

"ಏನ್ ಮಾಡಾಕತ್ತೀರಿ?" ಎಂದು ಅವರ ಕೈ ಹಿಡಿದೆ.

"ಕೊರವ ಐತ್ರಿ ಇದು. ಮ್ಯಾಲೆ ಬಂದು ಗಾಳಿ ತಗೋತೈತಿ. ನೀವು ಖರೆ ಅಂದ್ರ ಮುಳುಗಿಸಿ ಕೊಲ್ಲಾಕ ಹತ್ತಿದ್ರಿ."

ಹಮ್ಮಿಗಿ ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಮೀನು ಎದ್ದು ಬಾಯಿ ತೆರೆಯಿತು. ನನಗೆ ಕಣ್ಣು ತುಂಬಿತು. "ನೋಡ್ರಿ, ನನ್ನ ಗುರುತು ಹಿಡೀತು. ಮನ್ಯಾಗೂ ನಾ ಬಗ್ಗಿದ್ರ ಬರತಿತ್ತು."

ಖಾದರಸಾಬರು ಹೇಳಿದರು: "ಉಸುರಿಗೆ ಬರತೈತ್ರಿ ಅದು. ನೀವು ಇದ್ರೂ ಬರತೈತಿ, ಇರದಿದ್ರೂ ಬರತೈತಿ."

ಉಳಿದ ದಾರಿಯೆಲ್ಲ ಕಿಟಕಿಯಾಚೆ ನೋಡುತ್ತ ಕೂತೆ. ನಾಲ್ಕು ವರ್ಷ ನಾನೊಬ್ಬನೇ ಮಾತಾಡಿಕೊಂಡಿದ್ದೆ. ಇಷ್ಟು ಒಂಟಿತನ ಹೆಂಡತಿ ಹೋದ ದಿನವೂ ಆಗಿರಲಿಲ್ಲ.

ಹಮ್ಮಿಗಿಯಲ್ಲಿ ನದಿ ಹಿನ್ನೀರಾಗಿ ನಿಂತಿದೆ. ದಡದಲ್ಲಿ ಸೆಳವಿಲ್ಲ, ಮೊಣಕಾಲುದ್ದ ಕೆಸರು, ಎತ್ತರದ ಜೊಂಡು. "ಇಂಥಾ ಜಾಗಾನ ಬೇಕು ಇದಕ್ಕ," ಎಂದರು ಖಾದರಸಾಬರು. "ಜೊಂಡಿನಾಗ ಗಂಡು ಹೆಣ್ಣು ಕೂಡಿ ಮರಿ ಕಾಯತಾವು. ಆವಾಗ ನಾವು ಗಾಳ ಹಾಕೂದಿಲ್ಲ."

ಬಕೆಟ್ ಬಗ್ಗಿಸಿದೆ. ಮೀನು ಒಮ್ಮೆಯೂ ತಿರುಗದೆ ಜೊಂಡಿನೊಳಗೆ ಹೋಯಿತು.

"ನಿಮ್ಮ ಬಲ್ಯಾಗ ಬಿದ್ರ ಇದೊಂದನ್ನ ಬಿಟ್ಟುಬಿಡ್ರಿ" ಎಂದು ಬೇಡಿಕೊಂಡೆ.

"ಬಿಡತೇನ್ರಿ. ಆದ್ರ ಗುರುತು ಹೆಂಗ ಹಿಡೀಲಿ? ತೋರಿಸ್ರಿ."

ಜೊಂಡಿನ ನಡುವೆ ಒಂದು ಬಾಯಿ ಮೇಲೆ ಬಂದು ಮುಳುಗಿತು. ಅದರಾಚೆ ಇನ್ನೊಂದು, ಈಚೆ ಮತ್ತೊಂದು. ನಮ್ಮದನ್ನು ತೋರಿಸಲೆಂದು ಎತ್ತಿದ ಕೈ ಹಾಗೆಯೇ ಉಳಿಯಿತು.