ಉಳಿದ ಗುಳಿಗೆಗಳ ಡಬ್ಬಿ

ಇವತ್ತು ಬೆಳಿಗ್ಗೆ ತಗಡಿನ ಡಬ್ಬಿಯ ಮುಚ್ಚಳ ತೆಗೆದೆ. ಹಳೆಯ ಗುಳಿಗೆಗಳ ಕಹಿ ವಾಸನೆ ಮೂಗಿಗೆ ಬಡಿಯಿತು. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇರಬೇಕು, ಇಲ್ಲ ಎನ್ನಬೇಡಿ. ಡಾಕ್ಟರು ಏಳು ದಿನಕ್ಕೆ ಕೊಟ್ಟರೆ ಮೂರು ದಿನ ನುಂಗಿಸಿ, ಉಳಿದದ್ದನ್ನು ಬಿತ್ತನೆಯ ಕಾಳಿನಂತೆ ಎತ್ತಿಡುವವಳು ನಾನು. ಖಾನಾಪುರದ ಕಡೆ ಕುರಿ ಕಾಯುತ್ತಿದ್ದಾಗ ಇಡೀ ಓಣಿಗೆ ನಾನೇ ಡಾಕ್ಟರು. ಕೆಮ್ಮಿದವರಿಗೆ ಒಂದು, ಕುಂಟಿದ ಕುರಿಗೆ ಅರ್ಧ.

ನಮ್ಮ ಮನೆಯವರ ಹಿಮ್ಮಡಿಗೆ ಮುಳ್ಳು ನೆಟ್ಟು ಕೀವಾದಾಗಲೂ ಹಾಗೇ ಮಾಡಿದೆ. ಕೀವು ಒಣಗಿತು, ಗುಳಿಗೆ ಡಬ್ಬಿಗೆ ಹೋಯಿತು. ಮತ್ತೆ ಕೀವಾಯಿತು, ಡಬ್ಬಿಯಿಂದ ಎರಡು ತೆಗೆದು ಕೊಟ್ಟೆ. ಹೀಗೇ ಒಂದು ವರ್ಷ. ಕೊನೆಗೆ ಬೆಳಗಾವಿಯ ದವಾಖಾನೆಯಲ್ಲಿ ಯಾವ ಔಷಧವೂ ನಾಟಲಿಲ್ಲ. ಮೊಣಕಾಲ ಕೆಳಗೆ ಕತ್ತರಿಸಿದರು. ‘ಖೊಟ್ಟಿ ಔಷಧ ಕೊಟ್ಟೀರಿ’ ಎಂದು ಡಾಕ್ಟರನ್ನೇ ಬೈದು ಬಂದೆ. ಬೈಯಲು ಓದು ಬೇಕಾಗಿಲ್ಲ.

ಈಗ ಪೀರನವಾಡಿಯಲ್ಲಿ ಮಗಳ ಮನೆಯಲ್ಲಿದ್ದೇವೆ. ಮೊಮ್ಮಗಳಿಗೆ ಹೊಸ ಔಷಧ ಹುಡುಕುವ ಪ್ರಯೋಗಶಾಲೆಯಲ್ಲಿ ಕೆಲಸ. ಹೋದ ಬೇಸಿಗೆ ಅವಳು ಶಾವಿಗೆ ಮಷಿನ್ ತಿರುವುತ್ತಿದ್ದಳು, ನಾನು ಎಳೆ ಹಿಡಿಯುತ್ತಿದ್ದೆ.

"ದಿನಾ ಅಲ್ಲಿ ಏನ್ ಮಾಡ್ತಿ?" ಎಂದೆ.

"ರೋಗದ ಹುಳದ ಒಳಗೂ ಇಂಥಾ ಮಷಿನ್ ಇರ್ತೈತಿ ಆಯಿ, ರೈಬೋಸೋಮ್ ಅಂತಾರ. ಹುಳಕ್ಕ ಬೇಕಾದ ಪ್ರೋಟೀನು ಅದರಿಂದ ಶಾವಿಗಿ ಎಳಿ ಬಂದಂಗ ಬರ್ತೈತಿ. ನಾವು ಸಣ್ಣ ಮಣಿಸರ ಪೋಣಸ್ತೀವಿ, ಪೆಪ್ಟೈಡ್ ಅಂತ. ಅದು ಹೋಗಿ ತೂತಿನ್ಯಾಗ ಸಿಕ್ಕೊಂಡ್ರ ಮಷಿನ್ ಬಂದ್, ಹುಳಾನೂ ಖಲಾಸ್."

"ನಮ್ಮ ಮೈಯಾಗಿನ ಮಷಿನ್?"

"ಅದರ ತೂತು ಬ್ಯಾರೆ ಥರಾ. ಅದಕ್ಕ ಸಿಗಬಾರ್ದು, ಹುಳದ್ದಕ್ಕ ಸಿಗಬೇಕು. ಒಂದೊಂದ ಮಣಿ ಬದ್ಲಿ ಮಾಡಿ ನೋಡೂದ ನನ್ನ ಕೆಲಸ. ಇನ್ನೂ ಔಷಧ ಆಗಿಲ್ಲ ಬಿಡು."

"ಇದ್ದ ಗುಳಿಗಿಗೆ ಏನ್ ಧಾಡಿ ಆಗೈತಿ?"

"ಅರ್ಧಕ್ಕ ಬಿಟ್ರ ಗಟ್ಟಿ ಹುಳ ಉಳದು ಮರಿ ಹಾಕ್ತಾವ. ಆಮ್ಯಾಲ ಗುಳಿಗಿಗೆ ಅಂಜೂದಿಲ್ಲ."

ಎಳೆ ಹಿಡಿದ ಕೈ ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮನೆಯವರ ಕಾಲಿನ ಕಡೆ ನೋಡಿದೆ. ಹುಡುಗಿಗೆ ತಿಳಿಯಿತು.

"ಒಂದ ಡಬ್ಬಿಯಿಂದ ಆಗೂದಲ್ಲ ಆಯಿ" ಎಂದಳು.

ಸಮಾಧಾನದ ಮಾತು. ಬಡಕಲು ಕುರಿ ಸತ್ತ ಮೇಲೆ ಹಿಂಡಿನಲ್ಲಿ ಎಂಥವು ಉಳಿಯುತ್ತವೆ ಎಂದು ನನಗೆ ಹೇಳಿಕೊಡಬೇಕೇ?

ನಮ್ಮ ಮನೆಯವರು ಮಾತ್ರ ನಕ್ಕುಬಿಟ್ಟರು. "ತಾ ಸಾಲಿ ಕಟ್ಟಿ ಹತ್ತಲಿಲ್ಲ, ಹುಳಕ್ಕ ಸಾಲಿ ಕಲಿಸ್ಯಾಳ ನೋಡು!"

ಈ ವಾರ ನನಗೇ ಕಫ, ಜ್ವರ; ಡಾಕ್ಟರು ಏಳು ದಿನದ ಗುಳಿಗೆ ಕೊಟ್ಟರು. ನಿನ್ನೆ ಜ್ವರ ಬಿಟ್ಟಿತು. ಇವತ್ತು ಕೈ ತನ್ನಷ್ಟಕ್ಕೆ ಡಬ್ಬಿ ತೆಗೆದದ್ದು ಉಳಿದದ್ದನ್ನು ಎತ್ತಿಡಲಿಕ್ಕೇ.

ವಾಸನೆ ಬಡಿದದ್ದೇ ಮುಚ್ಚಳ ಹಾಕಿದೆ. ಇವತ್ತಿನ ಗುಳಿಗೆಯನ್ನು ಬಾಯಿಗೆ ಎಸೆದು ನೀರು ಕುಡಿದೆ.

"ಇನ್ನೆಷ್ಟ ದಿನದ್ದು ಉಳದಾವ?" ಎಂದರು ನಮ್ಮ ಮನೆಯವರು.

"ಮೂರ ದಿನದ್ದ್ರಿ."

ಅವರು ಊರುಗೋಲು ಹಿಡಿದು ಬಂದು ನನ್ನ ಬಾಜು ಕೂತರು. "ಕೊನೀದು ನುಂಗೂತನಕ ನಾ ಇಲ್ಲೇ ಕಾವಲ."